ಪಟಕಾ ಸಾಹೇಬ್ರು

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೆದ್ದಾರಿಯಲ್ಲಿ ಬರುವಾಗ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಅಲ್ಲಿ ರಸ್ತೆಗೆ ಅಂಟಿಕೊಂಡೇ ಉತ್ಸವ ರಾಕ್ ಗಾರ್ಡನ್. ರಜೆಯ ದಿನ ಅದರ ಮುಂದೆ ನಿಂತ ಕಾರುಗಳ ಹಿಂದಿನ ಗಾಜಿನಲ್ಲಿ ಇಣುಕಿದರೆ ಸಾಕು, ಯಾರು ಎಲ್ಲಿಂದ ಬಂದವರು ಎಂಬುದು ತಿಳಿಯುತ್ತದೆ. ಪೇಡೆಯ ಡಬ್ಬಿ ಇದ್ದರೆ ಧಾರವಾಡ ಮುಗಿಸಿದವರು. ಗೋಡಂಬಿ ಪೊಟ್ಟಣದ ಪಕ್ಕ ಅಗಲ ಅಂಚಿನ ಕೌಬಾಯ್ ಟೋಪಿ ಕೂತಿದ್ದರೆ ಗೋವಾದಿಂದ ಮರಳುತ್ತಿರುವವರು. ಪೇಡೆ, ಗೋಡಂಬಿ, ಕೌಬಾಯ್ ಟೋಪಿ ಮೂರೂ ಇದ್ದು, ಅವುಗಳ ಮೇಲೆ ಈ ಸೀಮೆಯವರು ತಲೆಗೆ ಸುತ್ತುವ ಪಟಕಾ ಒಂದು ಅರ್ಧ ಬಿಚ್ಚಿಕೊಂಡು ಹೆಬ್ಬಾವಿನ ಹಾಗೆ ಬಿದ್ದುಕೊಂಡಿದ್ದರೆ, ಅದು ನಮ್ಮ ಪಟಕಾ ಸಾಹೇಬರ ಕಾರು.

ಸಾಹೇಬರು ಬೆಂಗಳೂರಿನವರು. ನೌಕರಿ ಚೆನ್ನಾಗಿದೆ, ತಲೆಗೂದಲು ಅಷ್ಟು ಚೆನ್ನಾಗಿಲ್ಲ. ಆ ಎರಡನೆಯ ಕಾರಣಕ್ಕೇ ಅವರು ಹೋದ ಊರಲ್ಲೆಲ್ಲ ತಲೆಗೆ ಏನಾದರೂ ಕೊಳ್ಳುತ್ತಾರೆ ಎಂದು ಅವರ ಮನೆಯವರು ಹೇಳುತ್ತಾರೆ. ಸಾಹೇಬರ ವಾದ ಬೇರೆ. ಯಾವ ಊರಿಗೆ ಹೋದರೂ ಆ ಊರಿನವರ ಹಾಗೆ ಇರಬೇಕು, ಆಗಲೇ ಊರು ಒಳಗೆ ಬಿಟ್ಟುಕೊಳ್ಳುವುದು. ಜೈಪುರದ ಸಾಫಾ, ಹಿಮಾಚಲದ ಟೋಪಿ, ಮೈಸೂರಿನ ರೆಡಿಮೇಡ್ ಪೇಟ ಎಲ್ಲವೂ ಅವರ ಮನೆಯ ಅಟ್ಟದ ಮೇಲಿವೆ. ಗೋವಾದ ಕಡಲದಂಡೆಯಲ್ಲಿ ಕೌಬಾಯ್ ಟೋಪಿ ಯಾವ ಊರಿನವರ ಹಾಗೆ ಇರಲು ಎಂದು ಮಗಳು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

ಸಾಹೇಬರನ್ನು ಸುಮ್ಮನೆ ಗೇಲಿ ಮಾಡುವ ಹಾಗೂ ಇಲ್ಲ. ಅವರ ಬೆನ್ನಿಗೆ ದೊಡ್ಡ ದೊಡ್ಡವರು ನಿಂತಿದ್ದಾರೆ. 1979ರ ಫೆಬ್ರುವರಿಯಲ್ಲಿ ಅಮೆರಿಕಕ್ಕೆ ಹೋಗಿದ್ದ ಚೀನಾದ ಡೆಂಗ್ ಷಿಯಾವೊಪಿಂಗ್, ಟೆಕ್ಸಾಸ್‌ನ ಸಿಮಂಟನ್ ಎಂಬ ಸಣ್ಣ ಊರಿನ ರೋಡಿಯೊ ಆಟದಲ್ಲಿ ತಮ್ಮ ತಲೆಗಿಂತ ದೊಡ್ಡದೊಂದು ಕೌಬಾಯ್ ಟೋಪಿ ಹಾಕಿಕೊಂಡು ನಕ್ಕರು. ಎರಡು ದೇಶಗಳ ನಡುವೆ ಭಾಷಣಗಳು ಮಾಡದ ಕೆಲಸವನ್ನು ಆ ಫೋಟೊ ಮಾಡಿತು ಎನ್ನುವವರಿದ್ದಾರೆ. ಕೆನಡಾದ ಕ್ಯಾಲ್ಗರಿ ನಗರದಲ್ಲಂತೂ ಗಣ್ಯರು ಬಂದರೆ ಬಿಳಿ ಕೌಬಾಯ್ ಟೋಪಿ ತೊಡಿಸುವುದೇ ಪದ್ಧತಿ. ನಮ್ಮಲ್ಲಿ ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಸನ್ಮಾನಿಸಿದ ಹಾಗೆ. ಹಾವೇರಿಯಲ್ಲಾದರೆ ಅದರ ಮೇಲೊಂದು ಏಲಕ್ಕಿ ಹಾರವೂ ಬೀಳುತ್ತದೆ; ಆ ಹಾರಕ್ಕೆ ಈ ಊರು ನಾಡಿಗೆಲ್ಲ ಹೆಸರುವಾಸಿ. ಸಾಹೇಬರಿಗೆ ಇದುವರೆಗೆ ಯಾರೂ ಸನ್ಮಾನ ಮಾಡಿಲ್ಲವಾದ್ದರಿಂದ ಪೇಟದ ಖರ್ಚನ್ನು ತಾವೇ ಹಾಕಿಕೊಳ್ಳುತ್ತಾರೆ.

ಖರೀದಿ ನಡೆಯುವುದು ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ. ಅಂಗಡಿ ಮೆಟ್ಟಿಲು ಹತ್ತುತ್ತಲೇ ಸಾಹೇಬರು ಕೇಳುತ್ತಾರೆ:

“ಪಟಕಾ ಇದ್ಯಾ? ರೆಡಿಮೇಡ್ ಕೊಡಿ.”

“ರೆಡಿಮೇಡ್ ಮದುವಿ ಮಕ್ಕಳಿಗ್ರಿ. ನಿಮಗ ಅರಬಿ ಕೊಡ್ತೀನಿ, ಸುತ್ತಿಕೊಳ್ರಿ.”

ಅರಬಿ ಎಂದರೆ ಬಟ್ಟೆ ಎಂದು ಸಾಹೇಬರಿಗೆ ಹೊಳೆಯುವಷ್ಟರಲ್ಲಿ ಮಾರುಗಟ್ಟಲೆ ಬಿಳಿ ಬಟ್ಟೆ ಗಾದಿಯ ಮೇಲೆ ಬಿಚ್ಚಿಕೊಂಡಿರುತ್ತದೆ. ಅಂಗಡಿಯವರು ಎದ್ದು ನಿಂತು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ. ಉಳಿದ ಬಟ್ಟೆಯನ್ನು ಕೈಯಲ್ಲಿ ಹಗ್ಗದ ಹಾಗೆ ಸಡಿಲವಾಗಿ ಹೊಸೆಯುತ್ತ, ಒಂದು ಸುತ್ತು ಬಲಗಿವಿಯ ಮೇಲೆ ಏರಿಸಿ, ಮುಂದಿನದನ್ನು ಎಡಗಿವಿಯ ಮೇಲೆ ಏರಿಸಿ, ಹಣೆಯ ಮೇಲೆ ಎರಡೂ ಕತ್ತರಿ ಹಾಕುವಂತೆ ತರುತ್ತಾರೆ. ಕೊನೆಗೆ ಹಲ್ಲಿನಲ್ಲಿದ್ದ ತುದಿಯನ್ನು ಬಿಟ್ಟು ಹಿಂದಕ್ಕೆ ಸಿಕ್ಕಿಸುತ್ತಾರೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಕನ್ನಡಿಯ ಅಗತ್ಯವೂ ಬೀಳುವುದಿಲ್ಲ. ಸಾಹೇಬರು ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ. ಆಮೇಲೆ ತಾವೇ ಸುತ್ತಲು ಹೋದಾಗ, ಹಲ್ಲಿನಲ್ಲಿ ಬಟ್ಟೆ ಇರುವುದನ್ನು ಮರೆತು “ಹೀಗಾ?” ಎಂದು ಕೇಳುತ್ತಾರೆ. ಬಟ್ಟೆಯಷ್ಟೂ ಜಾರಿ ಹೆಗಲಿಗೆ ಬೀಳುತ್ತದೆ. ಈ ‘ಹೀಗಾ’ ಐದಾರು ಸಲ ಆಗುತ್ತದೆ.

ಮುಂದಿನದು ಕಾಲಿನ ಸರದಿ. ತಲೆಗೆ ಪಟಕಾ ಆದ ಮೇಲೆ ಕಾಲಿಗೆ ಕೊಲ್ಹಾಪುರಿ ಆಗಲೇಬೇಕು. ಹೆಸರು ಕೊಲ್ಹಾಪುರದ್ದಾದರೂ ಅದನ್ನು ಹೊಲಿಯುವ ಕೈಗಳು ನಮ್ಮ ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲೂ ಇವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿದ್ದು ಅದಕ್ಕೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ, ಮೂಲದ ಊರಿನ ಹೆಸರು ಹೇಳದೆ ಬೈಸಿಕೊಂಡಿತು. ಆ ಸುದ್ದಿ ಓದಿದಂದಿನಿಂದ ಸಾಹೇಬರಿಗೆ ಕೊಲ್ಹಾಪುರಿಯ ಮೇಲೆ ದೇಶಾಭಿಮಾನ ಹುಟ್ಟಿದೆ. ಅದಕ್ಕೂ ಮೊದಲು ಅವರಪ್ಪ ಮೂವತ್ತು ವರ್ಷ ಅದನ್ನೇ ಮೆಟ್ಟಿಕೊಂಡು ಓಡಾಡಿದ್ದರು, ಆಗ ಈ ಅಭಿಮಾನ ಹುಟ್ಟಿರಲಿಲ್ಲ.

ಅವರಿಗೆ ಬೇಕಾದದ್ದು ಸಾದಾ ಕೊಲ್ಹಾಪುರಿಯೂ ಅಲ್ಲ. ನಡೆದರೆ ಕಿರ್ ಕಿರ್ ಎನ್ನಬೇಕು. ಈ ಸೀಮೆಯಲ್ಲಿ ಅದಕ್ಕೆ ಜೀರಕಿ ಜೋಡು ಎನ್ನುತ್ತಾರೆ. ಗೌಡರು ಓಣಿಯ ತಿರುವಿಗೆ ಬರುವ ಮೊದಲೇ ಜೋಡಿನ ಸದ್ದು ಬಂದು, ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದ ಕಾಲ ಒಂದಿತ್ತು. ಈಗ ಆ ಸದ್ದಿಗೆ ಮಾಲ್‌ನಲ್ಲಿ ಸೆಕ್ಯುರಿಟಿಯವರು ತಿರುಗಿ ನೋಡಬಹುದು, ಅಷ್ಟೇ.

ಹೊಸ ಕೊಲ್ಹಾಪುರಿಯ ಗುಣವೊಂದಿದೆ. ತೊಟ್ಟವರ ಪರಿಚಯ ಆಗುವವರೆಗೆ ಕಚ್ಚುತ್ತದೆ. ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ಗಟ್ಟಿ ಚರ್ಮ ಅದು. ಎಣ್ಣೆ ಸವರಿ, ದಿನಕ್ಕೆ ಸ್ವಲ್ಪ ಹೊತ್ತು ಮೆಟ್ಟಿ, ನಿಧಾನವಾಗಿ ಪಳಗಿಸಬೇಕು. ಅಮೆರಿಕದ ಕೌಬಾಯ್ ಬೂಟಿನ ಕಥೆಯೂ ಹೀಗೇ; ಅದನ್ನು ಹೊಲಿದದ್ದೇ ನಡಿಗೆಗಲ್ಲ, ಸವಾರಿಗೆ. ಅದರ ಕಿರಿದಾದ ಮುಂತುದಿ ಕುದುರೆಯ ರಿಕಾಪಿನೊಳಗೆ ಸಲೀಸಾಗಿ ತೂರಲಿಕ್ಕೆ, ಎತ್ತರದ ಹಿಮ್ಮಡಿ ಕಾಲು ರಿಕಾಪಿನಿಂದ ಜಾರದಿರಲಿಕ್ಕೆ. ಕುದುರೆ ಇಲ್ಲದೆ ಅದನ್ನು ಹಾಕಿಕೊಂಡು ಟೆಕ್ಸಾಸ್‌ನ ಪೇಟೆ ಬೀದಿಯಲ್ಲಿ ಕುಂಟುವ ಪ್ರವಾಸಿಯೂ, ಹೊಸ ಜೀರಕಿ ಜೋಡಿನಲ್ಲಿ ರಾಕ್ ಗಾರ್ಡನ್ನಿನ ಬಾಗಿಲು ದಾಟುವ ನಮ್ಮ ಸಾಹೇಬರೂ ಅಣ್ಣತಮ್ಮಂದಿರೇ.

ಅಂತೂ ಸಾಹೇಬರು ಒಳಗೆ ಬಂದರು.

ರಾಕ್ ಗಾರ್ಡನ್ ನೋಡದವರಿಗಾಗಿ ಎರಡು ಮಾತು. ಇದು ಶಿಗ್ಗಾವಿ ತಾಲ್ಲೂಕಿನವರೇ ಆದ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು. ಅವರು ಚಿತ್ರ ಬರೆದವರು, ಶಿಲ್ಪ ಮಾಡಿದವರು, ಕಿರೀಟ ಭುಜಕೀರ್ತಿಗಳ ದೊಡ್ಡಾಟವನ್ನು ಬಿಡದೆ ಆಡಿಸಿದವರು, 2020ರಲ್ಲಿ ತೀರಿಕೊಂಡರು. ಟ್ರ್ಯಾಕ್ಟರು, ಮಿಕ್ಸರುಗಳು ಬರುವ ಮೊದಲಿನ ಉತ್ತರ ಕರ್ನಾಟಕದ ಹಳ್ಳಿಯನ್ನು ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ಅವರು ನಿಲ್ಲಿಸಿದ್ದಾರೆ. ದನ ಮೇಯಿಸುವವರು, ಕುರಿ ಕಾಯುವವರು, ಕುಲಕಸುಬಿನವರು, ಲಂಬಾಣಿ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳಿಗಂತೂ ಒಂದು ವೃತ್ತವೇ ಇದೆ. ಬಣ್ಣ, ಮುಖದ ಗೆರೆ, ಧೋತರದ ನಿರಿಗೆ ಎಷ್ಟು ಪಕ್ಕಾ ಎಂದರೆ, ಕಟ್ಟೆಯ ಮೇಲೆ ಕೂತ ಶಿಲ್ಪಕ್ಕೆ “ಸ್ವಲ್ಪ ಸರೀರಿ ಯಜಮಾನ್ರೆ” ಎಂದವರು ಉಂಟು.

ಅಲ್ಲಿಯ ಯಜಮಾನರುಗಳ ತಲೆಯ ಮೇಲೆಲ್ಲ ರುಮಾಲುಗಳಿವೆ. ಸಿಮೆಂಟಿನ ರುಮಾಲು ಬಿಚ್ಚುವುದಿಲ್ಲ. ಸಾಹೇಬರದು ಮೂರನೆಯ ಸೆಲ್ಫಿಗೇ ಬಿಚ್ಚಿತು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪಟಕಾ, ಮಧ್ಯೆ ಉಟ್ಟ ಧೋತರದ ಕಚ್ಚೆ ಸಡಿಲವಾದ ಗುಮಾನಿ. ಕುರಿಗಾಹಿಯ ಶಿಲ್ಪದ ಪಕ್ಕ ಅವರು ಹಾಗೇ ಉಸಿರು ಬಿಗಿಹಿಡಿದು ನಿಂತಾಗ, ಶಾಲಾ ಪ್ರವಾಸಕ್ಕೆ ಬಂದಿದ್ದ ಹುಡುಗನೊಬ್ಬ ಅವರ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ ಗೆಳೆಯನಿಗೆ ಹೇಳಿದ: “ಇದು ಖರೇದು ಐತಲೇ!”

ಇಷ್ಟೆಲ್ಲ ನೋಡುತ್ತ ಬೆಂಚಿನ ಮೇಲೆ ಒಬ್ಬರು ಅಜ್ಜ ಕೂತಿದ್ದರು. ಮೊಮ್ಮಕ್ಕಳನ್ನು ಕರೆದುಕೊಂಡು ಬಂದವರು. ತಲೆಯ ಮೇಲೆ ಬಿಳಿ ಗಾಂಧಿ ಟೋಪಿ, ಕಾಲಲ್ಲಿ ರಬ್ಬರ್ ಚಪ್ಪಲಿ.

“ಯಾವೂರ್ರಿ ಸಾಹೇಬ್ರ?”

“ಬೆಂಗಳೂರು ಅಜ್ಜಾರೇ.”

“ಹೌದೇನ್ರಿ? ಪಟಕಾ ನೋಡಿ ಬೀಗರ ಮದುವಿಗೆ ಬಂದೋರು, ದಾರಿ ತಪ್ಪಿರಿ ಅನ್ಕೊಂಡೆ. ಬರ್ರಿ ಇಲ್ಲೆ, ಬಗ್ಗರಿ.”

ಅಜ್ಜ ಎರಡೇ ಕೈಚಳಕದಲ್ಲಿ ಪಟಕಾ ಬಿಗಿಯಾಗಿ ಸುತ್ತಿ ಕೊಟ್ಟರು. ಕೊಡುವಾಗ ಒಂದು ಉಪನ್ಯಾಸವೂ ಪುಕ್ಕಟೆ ಸಿಕ್ಕಿತು. ಪಟಕಾ ಶೋಕಿಗೆ ಅಂತ ಯಾರು ಹೇಳಿದ್ದು? ಬಾವಿಯ ಹಗ್ಗ ಸಾಲದಿದ್ದರೆ ತುದಿಗೆ ಕಟ್ಟಿ ಕೊಡ ಇಳಿಸಲಿಕ್ಕೆ ಅದೇ. ಹೊರೆ ಹೊರುವಾಗ ತಲೆಗೆ ಸಿಂಬಿ ಅದೇ. ಸಂತೆಯಲ್ಲಿ ಜೋಳ ಕೊಂಡರೆ ಗಂಟು ಕಟ್ಟಲಿಕ್ಕೆ ಅದೇ, ಹೊಲದಲ್ಲಿ ಮಲಗಿದರೆ ತಲೆದಿಂಬೂ ಅದೇ. “ಈಗ ನಳ ಬಂದಾವು, ಚೀಲ ಬಂದಾವು. ಅದಕ್ಕ ನಾ ಟೊಪಿಗಿಗೆ ಇಳದೀನಿ,” ಎಂದರು ಅಜ್ಜ.

ಅಜ್ಜನಿಗೆ ಗೊತ್ತಿರಲಾರದು, ಏಳು ಸಮುದ್ರದಾಚೆಯ ಟೋಪಿಯ ಜಾತಕವೂ ಇದೇ. ಫಿಲಡೆಲ್ಫಿಯಾದ ಜಾನ್ ಸ್ಟೆಟ್ಸನ್ 1865ರಲ್ಲಿ ಅಗಲ ಅಂಚಿನ ಟೋಪಿ ಮಾಡಿ ಮಾರಿದ್ದು ಬಿಸಿಲು, ಮಳೆಯಲ್ಲಿ ದನ ಕಾಯುವವರ ಉಪಯೋಗಕ್ಕೆ. ಟೋಪಿಯಲ್ಲಿ ನೀರು ಹಿಡಿದು ಕುದುರೆಗೆ ಕುಡಿಸುತ್ತಿರುವ ಸವಾರನ ಚಿತ್ರವೇ ಆ ಕಂಪನಿಯ ಪ್ರಸಿದ್ಧ ಜಾಹೀರಾತು. ಸಾಹೇಬರ ಗೋವಾ ಟೋಪಿಯಲ್ಲಿ ನೀರು ಹಿಡಿದರೆ ಇನ್ನೊಂದು ಕಡೆಯಿಂದ ಸೋರಿಹೋಗುತ್ತದೆ; ಅದು ಹುಲ್ಲಿನದು. ಕುದುರೆಗೆ ಕೊಟ್ಟರೆ ತಿಂದೀತು.

ಇನ್ನೊಂದು ತಮಾಷೆ ಇದೇ ಗೊಟಗೋಡಿಯಲ್ಲಿದೆ. ಜಾನಪದಕ್ಕೆಂದೇ ಸರ್ಕಾರ 2011ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಧೋತರ, ಪಟಕಾ, ಇಳಕಲ್ ಸೀರೆಗಳ ಮೇಲೆ ಪ್ರಬಂಧ ಬರೆಯಬಲ್ಲ ವಿದ್ಯಾರ್ಥಿಗಳು ಜೀನ್ಸ್ ಪ್ಯಾಂಟು ಹಾಕಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ಅವರ ಮುಂದೆ ಕಾರಿನಿಂದ ಇಳಿದ ಸಾಫ್ಟ್‌ವೇರಿನವರು ಕಚ್ಚೆ ಎತ್ತಿ ಹಿಡಿದುಕೊಂಡು ರಸ್ತೆ ದಾಟುತ್ತಾರೆ. ಯಾರು ಯಾರನ್ನು ಅಧ್ಯಯನ ಮಾಡಬೇಕು ಎಂಬುದು ಅಲ್ಲಿ ಸ್ಪಷ್ಟವಿಲ್ಲ.

ಸಾಹೇಬರು ನಿಜವಾಗಿ ಸೋತದ್ದು ಹೋರಿ ಹಬ್ಬದಲ್ಲಿ. ದೀಪಾವಳಿ ಬಂತೆಂದರೆ ಹಾವೇರಿ, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ವರ್ಷವಿಡೀ ಮಗನಿಗಿಂತ ಹೆಚ್ಚು ಮುಚ್ಚಟೆಯಿಂದ ಸಾಕಿದ ಹೋರಿಗೆ ಝೂಲ ಹೊದಿಸಿ, ಕೊಂಬಿಗೆ ಬಲೂನು ರಿಬ್ಬನ್ನು ಕಟ್ಟಿ, ಕೊರಳಿಗೆ ಕೊಬ್ಬರಿ ಬಟ್ಟಲುಗಳ ಸರ ಹಾಕಿ ಜನರ ನಡುವೆ ಬಿಡುತ್ತಾರೆ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಹರಿಯುವುದು ಹುಡುಗರ ಆಟ, ಯಾರ ಕೈಗೂ ಸಿಗದೆ ದಾಟಿ ಹೋಗುವುದು ಹೋರಿಯ ಆಟ. ಕೊಬ್ಬರಿ ಹರಿಸಿಕೊಳ್ಳದ ಹೋರಿಗೆ ಸಿನಿಮಾ ನಟನಷ್ಟು ಅಭಿಮಾನಿಗಳು. ಕೈಕಾಲು ಮುರಿದುಕೊಳ್ಳುವವರು, ಜೀವ ಕಳೆದುಕೊಳ್ಳುವವರೂ ಇರುತ್ತಾರಾದ್ದರಿಂದ ಇದು ನಗುವ ಸಂಗತಿಯಷ್ಟೇ ಅಲ್ಲ.

ಕೌಬಾಯ್ ಎಂಬ ಪದಕ್ಕೆ ಅರ್ಥ ಹೇಳಬಲ್ಲ ಜನ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅವರಲ್ಲಿ ಈ ಹುಡುಗರೂ ಸೇರಬೇಕು. ಅವರು ಏನು ತೊಟ್ಟಿರುತ್ತಾರೆ? ತಮ್ಮ ಊರಿನ ಹೋರಿಯ ಫೋಟೊ ಅಚ್ಚಾದ ಟೀ ಶರ್ಟು, ಮೊಣಕಾಲುದ್ದದ ಚಡ್ಡಿ. ಟೋಪಿ ಇಲ್ಲ, ಬೂಟಿಲ್ಲ. ಚಪ್ಪಲಿಯನ್ನೂ ಎಲ್ಲೋ ಬೇಲಿಯ ಪಕ್ಕ ಬಿಟ್ಟು ಬಂದಿರುತ್ತಾರೆ. ಸಾಹೇಬರೊಬ್ಬರೇ ಪಟಕಾ, ನೆಹರು ಶರ್ಟು, ಧೋತರ, ಜೀರಕಿ ಜೋಡು ಸಮೇತ ಬೇಲಿಯಾಚೆ ನಿಂತಿದ್ದರು. ಹೋರಿ ಬೇಲಿಯ ಕಡೆಗೇ ತಿರುಗಿತು. ಆಗ ಸಾಹೇಬರು ಓಡಿದ ಓಟಕ್ಕೆ ಜೀರಕಿ ಜೋಡು ಕಿರ್ ಎನ್ನಲೂ ಸಮಯ ಸಿಗಲಿಲ್ಲ. ಒಂದು ಅಲ್ಲೇ ಉಳಿಯಿತು. ಪಟಕಾ ಬೇಲಿಯ ಜಾಲಿಮುಳ್ಳಿಗೆ ಸಿಕ್ಕಿ, ಸಾಹೇಬರು ನಿಲ್ಲುವವರೆಗೂ ಅವರ ಹಿಂದೆ ಬಿಚ್ಚುತ್ತಲೇ ಹೋಯಿತು. ಬಟ್ಟೆ ನಿಜಕ್ಕೂ ಎಷ್ಟು ಉದ್ದ ಎಂಬುದು ಅವರ ಮನೆಯವರಿಗೆ ಆ ದಿನ ಗೊತ್ತಾಯಿತು.

ಉಳಿದ ಜೋಡನ್ನು ಒಬ್ಬ ಹುಡುಗ ಹುಡುಕಿ ತಂದುಕೊಟ್ಟ. “ಅಂಕಲ್, ಇದಕ್ಕ ಎಣ್ಣಿ ಹಚ್ಚರಿ, ಭಾಳ ಬಿರುಸೈತಿ,” ಎಂದ. ಸಾಹೇಬರು ಅವನ ಜತೆ ಒಂದು ಫೋಟೊ ತೆಗೆಸಿಕೊಂಡರು. ಅದರಲ್ಲಿ ಅವರ ತಲೆ ಬರಿದಾಗಿದೆ, ಕಾಲೂ ಬರಿದಾಗಿದೆ. ಅವರು ತೆಗೆಸಿಕೊಂಡ ನೂರಾರು ಫೋಟೊಗಳಲ್ಲಿ ಊರಿನವರಂತೆ ಕಾಣುವುದು ಅದೊಂದರಲ್ಲೇ. ಅದನ್ನು ಅವರು ಯಾರಿಗೂ ಕಳಿಸಿಲ್ಲ.

ಜೋಡು ಬೆಂಗಳೂರಿನ ಮನೆಯ ಚಪ್ಪಲಿ ಸ್ಟ್ಯಾಂಡಿನಲ್ಲಿ ಎಣ್ಣೆಗಾಗಿ ಕಾಯುತ್ತಿದೆ. ಗೋವಾದ ಟೋಪಿ ಬಾಲ್ಕನಿಯಲ್ಲಿ ಪಾರಿವಾಳಗಳ ವಶವಾಗಿದೆ. ಪಟಕಾವನ್ನು ಸಾಹೇಬರ ತಾಯಿ ಒಗೆದು, ಮುಳ್ಳು ಹರಿದ ಕಡೆ ಸೂಜಿ ಹಾಕಿ, ಬೇಸಿಗೆಯಲ್ಲಿ ತಾರಸಿಯ ಮೇಲೆ ಉದ್ದಕ್ಕೆ ಹಾಸಿದರು. ಎರಡು ಸೇರು ಅಕ್ಕಿಯ ಸಂಡಿಗೆ ಅದರ ಮೇಲೆ ಒಂದೇ ದಿನಕ್ಕೆ ಒಣಗಿತು.