ಸವಳಂಗ–ಬರ್ಲಿನ್, ವಯಾ ಲಂಡನ್

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸು ಸವಳಂಗದಲ್ಲಿ ನಿಂತಾಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತುಟಿಯನ್ನು ಮುಂದಕ್ಕೆ ಚಾಚಿ, ಒಳಗೆಳೆದು, ಮತ್ತೆ ಚಾಚುವ ತರುಣನೊಬ್ಬ ಕಿಟಕಿಯಲ್ಲಿ ಕಂಡರೆ ಹಲ್ಲುನೋವಿರಬೇಕೆಂದು ಮರುಗುವ ಕಾರಣವಿಲ್ಲ. ಅವನು ಜರ್ಮನಿಯ ಉಮೇದುವಾರ. ಎಂಜಿನಿಯರಿಂಗ್ ಇಲ್ಲವೇ ನರ್ಸಿಂಗ್ ಮುಗಿಸಿರುತ್ತಾನೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುತ್ತೇವೆಂದು 2024ರಲ್ಲಿ ಜರ್ಮನಿ ಸಾರಿದ್ದು ಅವನಿಗೆ ಬಾಯಿಪಾಠ. ‘ನಾನು’ ಎಂಬರ್ಥದ ಜರ್ಮನ್ ಪದಕ್ಕಾಗಿ ‘ಇಖ್, ಇಶ್, ಇಚ್’ ಎಂದು ಅವನು ತಿಣುಕುವುದನ್ನು ಕೇಳಿ ಪಕ್ಕದ ಸೀಟಿನ ಯಜಮಾನರು, “ಯಾಕೋ ತಮ್ಮಾ, ಗಂಟ್ಲಾಗೆ ಏನಾರ ಸಿಕ್ಕೈತಾ?” ಎಂದು ನೀರಿನ ಬಾಟಲಿ ಚಾಚುತ್ತಾರೆ. ಅವನ ನೋಟ್‌ಬುಕ್ ತೆರೆದು ನೋಡಿ: ಪ್ರತಿ ಜರ್ಮನ್ ಪದದ ಪಕ್ಕದಲ್ಲೂ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಂಡಿದ್ದಾನೆ. ಕನ್ನಡದಲ್ಲಿ ಬರೆದರೆ ಯಾರಾದರೂ ಹಳ್ಳಿಯವನೆಂದಾರು ಎಂಬ ಅಳುಕು. ಅವನ ಕಷ್ಟದ ಮುಕ್ಕಾಲು ಪಾಲು ಈ ಅಳುಕಿನಲ್ಲೇ ಇದೆ ಎಂಬುದು ನನ್ನ ವಾದ.

ಇಂಗ್ಲಿಷ್ ಮೀಡಿಯಂ ಶಾಲೆ ಇವನ ಬಾಯಿಂದ ಏನೇನನ್ನು ದಂಡ ಹಾಕಿ ಕಿತ್ತಿತೋ ಅವನ್ನೇ ಜರ್ಮನ್ ತರಗತಿ ಶುಲ್ಕ ಪಡೆದು ಮರಳಿ ಕಲಿಸುತ್ತದೆ. ‘ಡಬ್ಲ್ಯೂ’ಗೆ ತುಟಿ ಉರುಟು ಮಾಡದೆ ಸಾದಾ ‘ವ’ ಎಂದದ್ದಕ್ಕೆ ಬೈಸಿಕೊಂಡಿದ್ದ. ಜರ್ಮನ್ನರು ಬಯಸುವುದು ಹೆಚ್ಚುಕಡಿಮೆ ಆ ‘ವ’ವನ್ನೇ. ಇಂಗ್ಲಿಷಿನ ಮೊಣಕಾಲಿಗೆ ಇರುವ ‘ಕೆ’ಯನ್ನು ಉಚ್ಚರಿಸಿದ ಹುಡುಗನನ್ನು ನೋಡಿ ಇಡೀ ತರಗತಿ ನಕ್ಕಿತ್ತು, ಜರ್ಮನ್ ಮೊಣಕಾಲು ಇವತ್ತಿಗೂ ‘ಕ್ನೀ’. ‘ಓ’ವನ್ನು ನೇರವಾಗಿ ಎಳೆಯದೆ ಕೊನೆಗೆ ‘ಉ’ಕಾರಕ್ಕೆ ಜಾರಿಸಬೇಕೆಂದು ಆಕ್ಸೆಂಟ್ ತರಬೇತಿಯವರು ಹೇಳಿಕೊಟ್ಟಿದ್ದರು, ಜರ್ಮನ್ ‘ಓ’ ಜಾರುವುದಿಲ್ಲ, ನಮ್ಮದರಂತೆಯೇ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ‘ಓಫೆನ್’ ಎಂದರೆ ಒಲೆ, ‘ಒಫೆನ್’ ಎಂದರೆ ತೆರೆದದ್ದು. ಒ–ಓ, ಎ–ಏ ಬೇರೆಬೇರೆ ಅಕ್ಷರಗಳೆಂದು ಒಂದನೇ ತರಗತಿಯಲ್ಲೇ ತಿದ್ದಿದವನಿಗೆ ಇದು ಪಾಠವೇ ಅಲ್ಲ. ಎದುರು ದಿಕ್ಕಿನಿಂದ, ಜರ್ಮನ್ನಿನಿಂದ ಕನ್ನಡಕ್ಕೆ, ಬಂದ ಫರ್ಡಿನಾಂಡ್ ಕಿಟೆಲ್ಲರನ್ನು ನೆನೆಯಿರಿ. 1894ರ ನಿಘಂಟಿಗೆ ಬಹಳ ಮುಂಚೆ, 1875ರಲ್ಲೇ, ಅವರು ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿಯನ್ನು ಸಂಪಾದಿಸಿದರು. ಹ್ರಸ್ವ–ದೀರ್ಘ ತಪ್ಪಿದರೆ ಅರ್ಥವೇ ಕೆಡುವ ಭಾಷೆಯಲ್ಲಿ ಹುಟ್ಟಿದವರಿಗೆ ಮಾತ್ರೆ ಎಣಿಸಲು ಬೇರೆ ಕಿವಿ ಬೇಕಾಗಿರಲಿಕ್ಕಿಲ್ಲ. ನಮ್ಮ ಉಮೇದುವಾರನಾದರೋ ಅದೇ ಕಿವಿಯನ್ನು ಮನೆಯಲ್ಲಿಟ್ಟು ಹೊರಟಿದ್ದಾನೆ.

ಇಂಗ್ಲಿಷೂ ಜರ್ಮನ್ನೂ ದಾಯಾದಿಗಳಲ್ಲವೇ, ಒಂದನ್ನು ಬಲ್ಲವನಿಗೆ ಇನ್ನೊಂದು ಹತ್ತಿರವಲ್ಲವೇ ಎಂದು ಕೇಳಬಹುದು. ಪದಗಳ ಮಟ್ಟಿಗೆ ನಿಜ, ಮೋಸ ಇರುವುದೂ ಅಲ್ಲೇ. ಹದಿನೈದನೆಯ ಶತಮಾನದಿಂದೀಚೆಗೆ ಇಂಗ್ಲಿಷಿನ ದೀರ್ಘಸ್ವರಗಳು ಒಂದನ್ನೊಂದು ತಳ್ಳಿಕೊಂಡು ಜಾಗ ಬದಲಿಸಿದವು, ಬರವಣಿಗೆ ಮಾತ್ರ ಕದಲಲಿಲ್ಲ. ಹೀಗಾಗಿ ಕಾಗುಣಿತ ಪರಿಚಿತ, ಸದ್ದು ಅಪರಿಚಿತ. ಪದದ ಕೊನೆಯ ವ್ಯಂಜನವೂ ಕೈಕೊಡುತ್ತದೆ: ‘ಹ್ಯಾಂಡ್’ ಎಂದು ಓದಿದ್ದು ಅಲ್ಲಿ ‘ಹಂಟ್’, ‘ವಿಂಡ್’ ಅಲ್ಲಿ ‘ವಿಂಟ್’. ತಂದೆ ಎಂಬರ್ಥದ ‘ಫಾಟರ್’ ಪದವನ್ನು ಇವನು ಇಂಗ್ಲಿಷ್ ಧಾಟಿಯಲ್ಲಿ ‘ವೇಟರ್’ ಎಂದು ಓದಿ, ಅಡಿಕೆ ತೋಟದ ಯಜಮಾನರಾದ ಅಪ್ಪನನ್ನು ಹೋಟೆಲಿನ ಕೆಲಸಕ್ಕೆ ಹಚ್ಚುತ್ತಾನೆ. ಪೂರ್ತಿ ಅಪರಿಚಿತವಾದ ಲಿಪಿಯಾಗಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ಕನ್ನಡದಲ್ಲಿ ಇಲ್ಲದ ಸದ್ದುಗಳ ಗತಿಯೇನು? ಇವೆ, ಒಪ್ಪಬೇಕು. ‘ಊ’ ಅನ್ನಲು ತುಟಿ ಕೂಡಿಸಿ ಒಳಗಿನಿಂದ ‘ಈ’ ಅನ್ನಬೇಕಾದ ಸ್ವರ ನಮ್ಮಲ್ಲಿಲ್ಲ; ಆದರೆ ಅದು ಇಂಗ್ಲಿಷಿನಲ್ಲೂ ಇಲ್ಲವಲ್ಲ, ಅಲ್ಲಿಂದ ಸಾಲ ತರುವುದಾದರೂ ಏನನ್ನು? ‘ಬಾಖ್’ ಎಂಬ ಸಂಗೀತಗಾರನ ಹೆಸರಿನ ಕೊನೆಗೆ ಗಂಟಲಲ್ಲಿ ಉಜ್ಜಿ ಬರುವ ಸದ್ದಿಗೆ ನಮ್ಮ ಹಳೆಯ ವ್ಯಾಕರಣದಲ್ಲಿ ಜಿಹ್ವಾಮೂಲೀಯ ಎಂಬ ಹೆಸರೇ ಇದೆ, ಕೇಶಿರಾಜ ಅದನ್ನು ವರ್ಣಮಾಲೆಯಲ್ಲಿ ಎಣಿಸಿದ್ದಾನೆ. ವ್ಯಾಕರಣದ ಗೊಡವೆ ಬೇಡವಾದರೆ, ಮನೆಯಲ್ಲಿ ಉರ್ದು ಆಡುವ ಗ್ಯಾರೇಜಿನ ಹುಡುಗ ‘ಖಬರ್’ ಅನ್ನುವುದನ್ನು ಕೇಳಿಸಿಕೊಂಡರೆ ಸಾಕು. ಆ ಹುಡುಗನಿಗೆ ‘ಬಾಖ್’ ಕೂಡ, ‘ಸೀಮೆನ್ಸ್’ ಕಂಪನಿಯ ಹೆಸರಿನ ಮೊದಲಿಗೆ ಜರ್ಮನ್ನರು ಆಡುವ, ನಾವು ‘ಜ’ದಲ್ಲೇ ಮುಗಿಸಿಬಿಡುವ ‘ಜ಼’ ಸದ್ದು ಕೂಡ ಪುಕ್ಕಟೆ. ಅವನನ್ನು ಕೇಳಲು ಉಮೇದುವಾರನಿಗೆ ಮರ್ಯಾದೆ ಅಡ್ಡ. ಅಮೆರಿಕದವನೊಬ್ಬ ಕಲಿಸುವ ವಿಡಿಯೋ ನೋಡಿ ನಾಲಗೆ ಮಡಿಸಿದ ‘ರ್‌ರ್’ ರೂಢಿಸಿಕೊಳ್ಳುತ್ತಾನೆ. ನಮ್ಮ ನಾಲಗೆ ತುದಿಯ ರಕಾರ ಬವೇರಿಯಾದ ಹಳ್ಳಿಗಳಲ್ಲಿ ಈಗಲೂ ಚಾಲ್ತಿಯಲ್ಲಿದೆ ಎಂದರೆ ನಂಬುವುದಿಲ್ಲ.

ಹಾಗೆಂದು ಕನ್ನಡದ ಬಾಯಿ ನಿರ್ದೋಷಿಯಲ್ಲ. ಬಸ್ಸು, ಕಾರು, ರೋಡು ಎಂದು ಎಲ್ಲಕ್ಕೂ ‘ಉ’ ಅಂಟಿಸುವ ಅಭ್ಯಾಸದಿಂದ ‘ಒಳ್ಳೆಯದು’ ಎಂಬರ್ಥದ ‘ಗೂಟ್’ ಎಂಬುದು ‘ಗೂಟು’ ಆಗಿ ನಾಟಿಕೊಳ್ಳುತ್ತದೆ. ಬರವಣಿಗೆಯಲ್ಲಿ ಎರಡು ‘ಟಿ’ ಕಂಡೊಡನೆ ಒತ್ತಕ್ಷರವೆಂದು ಒತ್ತಿಬಿಡುತ್ತೇವೆ. ಜರ್ಮನ್ನಿನಲ್ಲಿ ಅದು ಹಿಂದಿನ ಸ್ವರ ಹ್ರಸ್ವ ಎನ್ನುವ ಗುರುತಷ್ಟೇ. ಎಲ್ಲಕ್ಕಿಂತ ದುಬಾರಿ ಬೀಳುವುದು ಹಕಾರ. ಅಲ್ಲಿ ‘ಹೌಸ್’ ಅಂದರೆ ಮನೆ, ‘ಔಸ್’ ಅಂದರೆ ಹೊರಗೆ. ಹಾಲನ್ನು ಆಲೆಂದೇ ಕುಡಿದು ಬೆಳೆದವನು ಬರ್ಲಿನ್ನಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಡುವ ಮುಂಚೆ ಇದೊಂದನ್ನು ಸರಿಮಾಡಿಕೊಂಡರೆ ಒಳ್ಳೆಯದು. ಮನೆ ಕೇಳಿದವನಿಗೆ ಮಾಲೀಕರು ಬಾಗಿಲು ತೋರಿಸಿದರೆ ತಪ್ಪು ಅವರದಲ್ಲ.