ಚಾರಣಾಕಾಂಕ್ಷಿಗಳ ಮಾರ್ಗಭೇದ ವಿಚಾರವು

ಕಲಬುರಗಿ ಸೀಮೆಗೆ ವಿಂಗಡಿಸುವ ಚಟ ಹಳೆಯದು. ಕಾಗಿಣಾ ದಂಡೆಯ ಮಳಖೇಡದಲ್ಲಿ ನೃಪತುಂಗನ ಆಸ್ಥಾನದವರು ಒಂಬತ್ತನೆಯ ಶತಮಾನದಲ್ಲೇ ಕನ್ನಡ ಕಾವ್ಯವನ್ನು ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ಮಾಡಿಟ್ಟರು. ಮರತೂರಿನ ವಿಜ್ಞಾನೇಶ್ವರರು ಮನೆತನದ ಆಸ್ತಿ ಪಾಲಾಗುವ ಬಗೆಯನ್ನು ‘ಮಿತಾಕ್ಷರಾ’ದಲ್ಲಿ ಕೂದಲು ಸೀಳಿದಂತೆ ಸೀಳಿದರು. ಇಷ್ಟಾದರೂ ಶರಣಬಸವೇಶ್ವರ ಗುಡಿಯ ಅಂಗಳದಲ್ಲಿ ಸಂಜೆ ಕೂತು ಬೆಟ್ಟಕ್ಕೆ ಹೋಗುವ ಯೋಜನೆ ಹಾಕುವ ಜನರನ್ನು ಯಾವ ಶಾಸ್ತ್ರಕಾರನೂ ಮುಟ್ಟಲಿಲ್ಲ. ಆ ಲೋಪವನ್ನು ತುಂಬುವುದೇ ಈ ಗ್ರಂಥದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಮೊಣಕಾಲು ನೆಟ್ಟಗಿರುವವನು.

ಆಕಾಂಕ್ಷಿಗಳು ಮೂರು ತೆರ: ದಕ್ಷಿಣಮಾರ್ಗಿ, ಉತ್ತರಮಾರ್ಗಿ, ಅಂಗಳಮಾರ್ಗಿ.

ದಕ್ಷಿಣಮಾರ್ಗಿಗೆ ಮುಳ್ಳಯ್ಯನಗಿರಿಯೇ ಬೇಕು, ಇಲ್ಲವೆಂದರೆ ಕುಮಾರಪರ್ವತ. ಮೊದಲನೆಯದು 1,930 ಮೀಟರು, ಎರಡನೆಯದು 1,712; ಈ ಎರಡು ಅಂಕಿ ಅವನಿಗೆ ಕಂಠಪಾಠ. ರಾತ್ರಿ ಹಾಸನ ಗಾಡಿ ಹತ್ತಿದರೆ ಮರುದಿನ ಇಳಿದು, ಅಲ್ಲಿಂದ ಬಸ್ಸು ಹಿಡಿಯಬೇಕೆಂಬುದೂ ಗೊತ್ತು. ಟಿಕೆಟ್ ಮಾತ್ರ ವೇಟಿಂಗ್ ಲಿಸ್ಟಿನಲ್ಲೇ ಇರುತ್ತದೆ. ಇವನಲ್ಲೂ ಉಪಭೇದಗಳುಂಟು. ಒಬ್ಬ ರೀಲ್ಸ್ ನೋಡಿ ಹುಟ್ಟಿದವನು. ಇವನ ಬೂಟು ಬೆಟ್ಟಕ್ಕಿಂತ ಮೊದಲೇ ಬಂದಿರುತ್ತದೆ. ಇನ್ನೊಬ್ಬ ಬೆಂಗಳೂರಿನ ಅಳಿಯನನ್ನು ನಂಬಿದವನು. ಅಳಿಯನಿಗೆ ರಜೆ ಸಿಕ್ಕಾಗ ಇವನ ಹೊಲದಲ್ಲಿ ತೊಗರಿ ರಾಶಿ. ಇವರಿಗೆಲ್ಲ ಸಾಮಾನ್ಯವಾದ ದೋಷ ಒಂದೇ: ಪರವಾನಗಿಯ ಮಾತೇ ಎತ್ತುವುದಿಲ್ಲ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನ ಇರುವೆಸಾಲಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿತು. ಆಮೇಲೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂದು ಗೆರೆ ಎಳೆಯಿತು. ಬೆಟ್ಟದ ಬುಡದಲ್ಲಿ ನಿಂತು ‘ಕಲಬುರಗಿಯಿಂದ ಬಂದೀವ್ರಿ, ಸ್ವಲ್ಪ ಬಿಡ್ರಿ ಸಾಹೇಬ್ರ’ ಎನ್ನುವುದು ಶಾಸ್ತ್ರಸಮ್ಮತವಲ್ಲ.

ಉತ್ತರಮಾರ್ಗಿ ಅಪರೂಪದ ಜೀವಿ. ಇವನ ಕಣ್ಣು ಚಿಂಚೋಳಿಯ ಮೇಲೆ. ಜಿಲ್ಲಾಕೇಂದ್ರದಿಂದ ಸುಮಾರು 85 ಕಿ.ಮೀ.; 2011ರಲ್ಲಿ ವನ್ಯಜೀವಿಧಾಮವಾದ, 134 ಚದರ ಕಿ.ಮೀ. ಮೀರಿದ ಒಣ ಕಾಡು. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ, ನಡುನಡುವೆ ಲಂಬಾಣಿ ತಾಂಡಾಗಳು. ಕೃಷ್ಣಮೃಗ, ತೋಳ, ಕತ್ತೆಕಿರುಬ ಇಲ್ಲಿ ವಾಸಿಸುತ್ತವೆ. ಕಾಣಿಸಿಕೊಳ್ಳುತ್ತವೆ ಎಂದು ನಾನು ಹೇಳಿಲ್ಲ.

ಪೂರ್ವಪಕ್ಷ: ‘ಅದೇನ್ ಬೆಟ್ಟರೀ, ಗುಡ್ಡ ಅದು.’

ಸಿದ್ಧಾಂತ: ಬೆಟ್ಟವನ್ನು ಮೀಟರಿನಿಂದ ಅಳೆಯುವುದು ಮಲೆನಾಡಿನವರ ಪದ್ಧತಿ. ನಾವು ಬಿಸಿಲಿನಿಂದ ಅಳೆಯುವವರು. ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಎಲೆಯುದುರಿದ ಸಾಗವಾನಿಯ ಕೆಳಗೆ ನಡೆದರೆ, ಸಣ್ಣ ಗುಡ್ಡವೂ ಮುಳ್ಳಯ್ಯನಗಿರಿಯಷ್ಟೇ ಬೆವರಿಳಿಸುತ್ತದೆ. ಆದ್ದರಿಂದ ಕಾಲನಿರ್ಣಯ ಹೀಗೆ: ಶ್ರಾವಣದಿಂದ ಸಂಕ್ರಾಂತಿಯವರೆಗೆ ಉತ್ತಮ, ಶಿವರಾತ್ರಿಯವರೆಗೆ ಮಧ್ಯಮ. ಹೋಳಿಯ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯಿತೋ, ಅಲ್ಲಿಗೆ ಕಾಡಿನ ಬಾಗಿಲು ಮುಚ್ಚಿತೆಂದು ತಿಳಿಯಬೇಕು.

ಇನ್ನು ಬುತ್ತಿ. ಇಲ್ಲಿ ಗ್ರಂಥಕಾರ ತುಸು ಕೂತು ಮಾತಾಡಬೇಕು. ಪೇಟೆಯವರು ಅಂಗಡಿಯಿಂದ ಎನರ್ಜಿ ಬಾರ್ ತರುತ್ತಾರೆ. ನಮ್ಮಲ್ಲಿ ಅದಕ್ಕಿಂತ ಪುರಾತನವಾದ ಕಡಕ್ ರೊಟ್ಟಿ ಇದೆ: ಕೆಂಡದ ಮುಂದೆ ನಿಲ್ಲಿಸಿ ನೀರಿನಂಶವೆಲ್ಲ ಆರಿಸಿದ ಜೋಳದ ರೊಟ್ಟಿ, ಹಪ್ಪಳದಷ್ಟು ಗರಿ. ವಾರಗಟ್ಟಲೆ ಕೆಡುವುದಿಲ್ಲ. ಒಂದೇ ತೊಡಕು, ಬೆನ್ನಚೀಲದಲ್ಲಿ ಹಾಕಿದರೆ ತುದಿ ಮುಟ್ಟುವಷ್ಟರಲ್ಲಿ ನುಚ್ಚಾಗುತ್ತದೆ. ಪರಿಹಾರ: ಬಿಳಿ ಪಂಚೆಯಲ್ಲಿ ಸುತ್ತಿ, ಅಗಲ ಸ್ಟೀಲ್ ಡಬ್ಬಿಯಲ್ಲಿ ಮಲಗಿಸುವುದು. ಜೊತೆಗೆ ಶೇಂಗಾ ಹಿಂಡಿ, ಅಲ್ಲೇ ಕಲಸಲು ಚಿಕ್ಕ ಸೀಸೆಯಲ್ಲಿ ಎಣ್ಣೆ, ಗುದ್ದಿ ಒಡೆಯಲು ಉಳ್ಳಾಗಡ್ಡಿ. ಪುಂಡಿಪಲ್ಯ ಒಯ್ಯಬೇಕೇ ಎಂಬಲ್ಲಿ ಮತಭೇದವಿದೆ. ಮುಚ್ಚಳ ಗಟ್ಟಿಯಿದ್ದರೆ ಒಯ್ಯಬಹುದು. ಕಮಲಾಪುರದ ಕೆಂಪುಬಾಳೆ ಸಿಕ್ಕರೆ ತಲೆಗೊಂದು ಸಾಕು, ಭೌಗೋಳಿಕ ಮಾನ್ಯತೆಯ ಹಣ್ಣು, ಸಾಹುಕಾರರ ಹಣ್ಣೆಂದು ಹೆಸರು. ಸಿಪ್ಪೆಯನ್ನು ಚೀಲದಲ್ಲೇ ಹಿಂದೆ ತರುವುದು ನಿತ್ಯವಿಧಿ, ಇದಕ್ಕೆ ವಿಕಲ್ಪವಿಲ್ಲ.

ಅಂಗಳಮಾರ್ಗಿಯ ವಿಷಯ ಚಿಕ್ಕದು, ಸಂಖ್ಯೆ ದೊಡ್ಡದು. ಗುಡಿಯಲ್ಲಿ ದಾಸೋಹದ ಪ್ರಸಾದ ಮುಗಿಸಿ, ಅಪ್ಪನ ಕೆರೆಯ ಗಾಳಿಗೆ ಮೈಯೊಡ್ಡಿ, ‘ಮುಂದಿನ ಐತಾರ ಹೊಂಟೇಬಿಡೂಣು ಕಾಕಾ’ ಎನ್ನುತ್ತಾನೆ. ಕಾಕಾನೂ ‘ಹೂಂ ನಡಿ’ ಎನ್ನುತ್ತಾನೆ. ವಾಟ್ಸಾಪ್ ಗುಂಪು ಹುಟ್ಟುತ್ತದೆ, ಅದಕ್ಕೆ ಹೆಸರು ಇಡುವುದರಲ್ಲಿ ಒಂದು ಮಳೆಗಾಲ ಕಳೆಯುತ್ತದೆ. ಇವನನ್ನು ಹಗುರವಾಗಿ ಕಾಣಬಾರದು. ದಕ್ಷಿಣಮಾರ್ಗಿಗಳಲ್ಲಿ ಬಹುಪಾಲು ಕೊನೆಗೆ ಇದೇ ವರ್ಗಕ್ಕೆ ಸೇರುತ್ತಾರೆ. ಇವರಿಗಾಗುವ ಖರ್ಚು ಬರೀ ಚಹಾದ್ದು.

ನಿರ್ಣಯ: ಮೊದಲ ಸಲ ಹೊರಡುವವರಿಗೆ ಉತ್ತರ ಮಾರ್ಗವೇ ಸರಿ. ಗಾಡಿಯ ಟಿಕೆಟ್ ಬೇಡ, ಅಳಿಯನ ರಜೆ ಬೇಡ, ಬೆಳಿಗ್ಗೆ ಹೋದವರು ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು. ಹೊರಡುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಬಿಟ್ಟ ದಾರಿಯಲ್ಲಷ್ಟೇ ನಡೆಯಿರಿ. ತಲೆಗೆ ಮೂರು ಲೀಟರಿಗಿಂತ ಕಡಿಮೆ ನೀರು ಹಿಡಿದು ಕಾಡಿಗೆ ಕಾಲಿಡಬೇಡಿ.