ಹೊಳ್ಳಿ ನೋಡ್ರೀ!

ಇಂಗ್ಲೆಂಡಿನಲ್ಲಿ ಪೂರಾ ಲೈಸೆನ್ಸ್ ಸಿಗುವ ತನಕ ಮೋಟರ್‌ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂಡಿಸಿಕೊಳ್ಳುವಂತಿಲ್ಲ. ಕಡ್ಡಾಯ ತರಬೇತಿ ಮುಗಿಸಿದರೆ 125 ಸಿಸಿ ಗಾಡಿಗೆ ಕೆಂಪು ‘ಎಲ್’ ಬೋರ್ಡ್ ಹಚ್ಚಿಕೊಂಡು ಎರಡು ವರ್ಷ ಓಡಾಡಬಹುದು. ಆದರೆ ಮೋಟರ್‌ವೇ ಹತ್ತುವಂತಿಲ್ಲ, ಹಿಂದೆ ಯಾರನ್ನೂ ಹತ್ತಿಸುವಂತಿಲ್ಲ. ಇದನ್ನು ನಮ್ಮನೆಯವರು ಫೋನಿನಲ್ಲಿ ನಮ್ಮೂರು ಗುರುಮಠಕಲ್ಲಿಗೆ ತಿಳಿಸಿದಾಗ ನಮ್ಮ ಮಾವನವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಗಾಡಿ ಯಾಕ ಬೇಕು?” ಎಂದರು.

ಪ್ರಶ್ನೆ ಸರಿಯೇ ಇತ್ತು. ಗುರುಮಠಕಲ್ಲಿನಲ್ಲಿ ಒಬ್ಬರೇ ಕೂತು ಹೋಗುವ ಗಾಡಿಯನ್ನು ನಾನು ನೋಡಿದ್ದು ಕಡಿಮೆ. ಟ್ಯಾಂಕಿನ ಮೇಲೆ ಸಣ್ಣ ಮಗ, ನಡುವೆ ದೊಡ್ಡ ಮಗಳು, ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟ ಹೆಂಡತಿ, ಆಕೆಯ ತೊಡೆಯ ಮೇಲೆ ನಾರಾಯಣಪೇಟೆಯಲ್ಲಿ ಮದುವೆಗೆಂದು ಕೊಂಡ ಸೀರೆಗಳ ಗಂಟು. ನಾರಾಯಣಪೇಟೆ ತೆಲಂಗಾಣದ ಊರು. ಗಡಿ ದಾಟಿದ್ದು ಗೊತ್ತಾಗುವುದು ಬೋರ್ಡಿನ ಅಕ್ಷರ ಬದಲಾದಾಗ. ಮಾತು ಎರಡೂ ಕಡೆ ಅದೇ, ಕನ್ನಡ, ತೆಲುಗು, ಉರ್ದು ಕಲಸಿದ್ದು. ಕಾಯ್ದೆಯೇನೋ ಅಲ್ಲೂ ಇದೆ. ಭಾರತದ ಮೋಟಾರು ವಾಹನ ಕಾಯ್ದೆ 1988ರದ್ದು. ಬ್ರಿಟನ್ನಿನ ರೋಡ್ ಟ್ರಾಫಿಕ್ ಆಕ್ಟ್ ಕೂಡ 1988ರದ್ದೇ. ಹಿಂದೆ ಒಬ್ಬರೇ ಕೂಡಬೇಕು ಎಂದು ಎರಡೂ ಹೇಳುತ್ತವೆ. ಬ್ರಿಟನ್ನಿನದು ಎರಡೂ ಬದಿಗೆ ಕಾಲು ಹಾಕಿಯೇ ಕೂಡಬೇಕು ಎಂದೂ ಸೇರಿಸುತ್ತದೆ. ಒಂದೇ ವರ್ಷ ಹುಟ್ಟಿದ ಈ ಇಬ್ಬರಲ್ಲಿ ಒಬ್ಬ ಶಿಸ್ತಾಗಿ ಓದಿ ಸಾಹೇಬನಾದ, ಇನ್ನೊಬ್ಬ ಊರ ಕಟ್ಟೆಯ ಮೇಲೇ ಉಳಿದ.

ನಮ್ಮನೆಯವರು ಕೆಎ-33ರ ಮನುಷ್ಯ. ಯಾದಗಿರಿಯಲ್ಲಿ ಎಂಟು ಹಾಕಿ ತೋರಿಸಿ ಲೈಸೆನ್ಸ್ ತಗೊಂಡವರು. ಮಳೆಗಾಲದಲ್ಲಿ ನಜರಾಪುರದ ಧಬಧಬಿ ಜಲಪಾತ ನೋಡಲು ಗೆಳೆಯರನ್ನು ಹೇರಿಕೊಂಡು ಹೋದವರು. ರೈತರು ರಾಶಿ ಮಾಡಲು ರಸ್ತೆಯ ಮೇಲೇ ಹಾಸಿದ ಸಜ್ಜೆಯ ತೆನೆಯ ಮೇಲೆ ಚಕ್ರ ಜಾರದ ಹಾಗೆ ಗಾಡಿ ಹಾಯಿಸಬಲ್ಲವರು. ಆ ಲೈಸೆನ್ಸ್ ಇಲ್ಲಿ ನೆಲೆಸಿದ ಮೊದಲ 12 ತಿಂಗಳು ನಡೆಯುತ್ತದೆ. ಆ 12 ತಿಂಗಳು ಚಳಿ, ಬಾಡಿಗೆ ಮನೆ, ಮಗನ ಸಾಲಿ ಎಂದು ಗಾಡಿಯ ಸುದ್ದಿಯೇ ಏಳಲಿಲ್ಲ. ಲೈಸೆನ್ಸಿನ ಜೀವ ಹೋದ ಮೇಲೆ ಆಸೆಗೆ ಜೀವ ಬಂತು. ಜಪಾನಿನವರು, ಸಿಂಗಪುರದವರು ತಮ್ಮ ದೇಶದ ಲೈಸೆನ್ಸ್ ಕೊಟ್ಟು ಇಲ್ಲಿಯದನ್ನು ಬದಲಿಗೆ ತಗೊಳ್ಳಬಹುದು. ಜಿಂಬಾಬ್ವೆಯವರೂ ತಗೊಳ್ಳಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. “ಜಿಂಬಾಬ್ವೆ ಅದ, ನಾವಿಲ್ಲ?” ಎಂದು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಹಾಗೆ ಓದಿದರೆ ದೇಶ ಸೇರಿಕೊಳ್ಳುತ್ತದೆಯೇ? ಮೊದಲಿಂದ ಶುರು ಮಾಡಿದರು.

ಮೊದಲು ಕಂಪ್ಯೂಟರ್ ಪರೀಕ್ಷೆ. ಪ್ರಶ್ನೆ 50, ಪಾಸಾಗಲು 43. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಬಾಯಿಪಾಠ ಕಷ್ಟವಲ್ಲ. ಕಷ್ಟವಾದದ್ದು ಅಪಾಯ ಗುರುತಿಸುವ ಭಾಗ. ಪರದೆಯ ಮೇಲೆ 14 ವಿಡಿಯೊ ಬರುತ್ತವೆ, ಅಪಾಯ ಹುಟ್ಟುತ್ತಲೇ ಮೌಸ್ ಒತ್ತಬೇಕು, ಎಷ್ಟು ಬೇಗ ಒತ್ತುತ್ತೀರೋ ಅಷ್ಟು ಅಂಕ. 75ಕ್ಕೆ 44 ಬಂದರೆ ಸಾಕು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದೆ. ಹಸಿರು ಹೊಲದ ನಡುವಿನ ಒಂದು ಇಂಗ್ಲಿಷ್ ರಸ್ತೆ. ಎಡಕ್ಕೆ ಬೇಲಿ. ಇವರು ಒತ್ತಿದರು, ಬೇಲಿಯ ಹಿಂದಿನಿಂದ ಎಮ್ಮೆ ಬರಬಹುದು. ಬಾಗಿಲು ತೆರೆದ ಮನೆ. ಒತ್ತಿದರು, ಹುಡುಗ ಓಡಿ ಬರಬಹುದು. ಬಸ್ ಸ್ಟಾಪಿನಲ್ಲಿ ಒಬ್ಬ ಮುದುಕ. ಒತ್ತಿದರು, ಕೈ ಅಡ್ಡ ಹಿಡಿದು ‘ತಮ್ಮಾ, ಸ್ವಲ್ಪ ಮುಂದಿನ ಕ್ರಾಸಿಗೆ ಬಿಡು’ ಅನ್ನಬಹುದು. ಆಮೇಲೆ ಬಂದದ್ದು ಏನೂ ಇಲ್ಲದ ಖಾಲಿ ರಸ್ತೆ. ಅದಕ್ಕೂ ಒತ್ತಿದರು. “ಇಲ್ಲಿ ಏನೂ ಇಲ್ಲಲ್ರೀ” ಎಂದೆ. “ಅದಕ್ಕ ಅಂಜಿಕಿ ಬರ್ಲಿಕತ್ತದ” ಎಂದರು. ಹೀಗೆ ಬಿಟ್ಟೂ ಬಿಡದೆ ಒತ್ತಿದವರನ್ನು ಯಂತ್ರ ಮೋಸಗಾರರೆಂದು ತಿಳಿದು ಆ ವಿಡಿಯೊಗೆ ಸೊನ್ನೆ ಕೊಡುತ್ತದೆ. ಗುರುಮಠಕಲ್ಲಿನ ಬಸ್‌ಸ್ಟ್ಯಾಂಡಿನ ಮುಂದೆ ಗಾಡಿ ಕಲಿತವರಿಗೆ ಇಂಥ ಅವಮಾನ! ಅಪಾಯವೆಲ್ಲ ಕಂಡವರಿಗೆ ಸೊನ್ನೆ, ಒಂದೇ ಕಂಡವರಿಗೆ ಪೂರ್ತಿ ಅಂಕ. ಕೊನೆಗೆ, ಅಪಾಯ ಖಾತ್ರಿಯಾಗುವ ತನಕ ಕೈಕಟ್ಟಿ ಕೂಡುವುದನ್ನು ರೂಢಿ ಮಾಡಿಕೊಂಡು ಪಾಸಾದರು.

ಆಮೇಲೆ ಗಾಡಿ ಓಡಿಸುವ ಪರೀಕ್ಷೆಯ ಮೊದಲ ಭಾಗ, ಮಾಡ್ಯೂಲ್ ಒಂದು. ಅಲ್ಲೇ ಗಾಡಿ ನಿಂತಿರುವುದು.

ರಸ್ತೆಯಲ್ಲಲ್ಲ, ಬೇಲಿ ಹಾಕಿದ ಬಯಲಿನಲ್ಲಿ ಈ ಪರೀಕ್ಷೆ. ನೆಲದ ತುಂಬ ಬಣ್ಣದ ಕೋನುಗಳು. ಗಾಡಿಯನ್ನು ತಳ್ಳಿಕೊಂಡು ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ತಂದು ನಿಲ್ಲಿಸಬೇಕು, ಕೋನುಗಳ ನಡುವೆ ಹಾವಿನ ಹಾಗೆ ಹೊರಳಬೇಕು, ಎಂಟು ಹಾಕಬೇಕು, ನಡೆಯುವವನ ಜೋಡಿ ನಡೆಯುವಷ್ಟು ಮೆಲ್ಲಗೆ ಹೋಗಬೇಕು, ಯು-ತಿರುವು ಹೊಡೆಯಬೇಕು. ಕೊನೆಗೆ 50 ಕಿಲೋಮೀಟರ್ ವೇಗ ಮುಟ್ಟಿ ಗಕ್ಕನೆ ನಿಲ್ಲಿಸಬೇಕು, ಇನ್ನೊಮ್ಮೆ ಅದೇ ವೇಗದಲ್ಲಿ ಅಡಚಣೆ ತಪ್ಪಿಸಬೇಕು. ಸಣ್ಣ ತಪ್ಪು ಐದರ ತನಕ ಮಾಫಿ, ದೊಡ್ಡದು ಒಂದೂ ಆಗುವಂತಿಲ್ಲ. ಫೀಸು 15.50 ಪೌಂಡ್. ಫೇಲಾದರೆ ಮೂರು ಕೆಲಸದ ದಿನ ಕಳೆದು ಮತ್ತೆ ಕೂಡಬಹುದು, ತಾರೀಕು ಸಿಕ್ಕರೆ. ಎಂಟು ಎಂದು ಕೇಳಿದಾಗ ಇವರ ಮುಖ ಅರಳಿತ್ತು, “ಇದು ನಮ್ಮದ ಸಿಲೆಬಸ್!” ಎಂದು. ಎಂಟರಲ್ಲಿ ಇವರು ಎಂದೂ ಸೋತಿಲ್ಲ, ಅದು ಮಾತ್ರ ಖರೆ.

ಸೋತದ್ದು ಒಮ್ಮೆ ವೇಗಕ್ಕೆ. ಈ ದೇಶದ ರಸ್ತೆಯ ಬೋರ್ಡೆಲ್ಲ ಮೈಲಿಯಲ್ಲಿ, ಗಾಡಿಯ ಮುಳ್ಳೂ ಮೈಲಿಯಲ್ಲಿ, ಪರೀಕ್ಷೆ ಮಾತ್ರ ಕಿಲೋಮೀಟರಿನಲ್ಲಿ. ಯುರೋಪಿನ ನಿಯಮಕ್ಕೆ ಹೊಂದಿಸಲು 2009ರಲ್ಲಿ ಹೀಗೆ ಮಾಡಿದರು. ಆಮೇಲೆ ಬ್ರಿಟನ್ ಯುರೋಪಿನ ಒಕ್ಕೂಟದಿಂದ ಜಗಳಾಡಿ ಹೊರಬಂತು, ಕಿಲೋಮೀಟರ್ ಮಾತ್ರ ಮನೆಯಲ್ಲೇ ಉಳಿಯಿತು. ಇವರು ಮೈಲಿಯ ಮುಳ್ಳು ನೋಡುತ್ತ, ಮನಸ್ಸಿನಲ್ಲೇ ಗುಣಾಕಾರ ಮಾಡುತ್ತ, 28ಕ್ಕೇ ಬ್ರೇಕ್ ಹಿಡಿದರು. 28 ಮೈಲಿ ಎಂದರೆ 45 ಕಿಲೋಮೀಟರ್. ಇನ್ನೊಮ್ಮೆ ಕೋನು ಬಿತ್ತು. ಆಮೇಲಿನ ಸಲಗಳಲ್ಲೆಲ್ಲ ಒಂದೇ ಕಾರಣ: ಹೊಳ್ಳಿ ನೋಡಲಿಲ್ಲ.

ಇಲ್ಲಿ ಗಾಡಿ ಎಬ್ಬಿಸುವ ಮೊದಲು, ತಿರುಗುವ ಮೊದಲು, ಕತ್ತು ತಿರುವಿ ಭುಜದ ಮೇಲಿಂದ ಹಿಂದೆ ನೋಡಬೇಕು. ಲೈಫ್‌ಸೇವರ್ ಎನ್ನುತ್ತಾರೆ. ಕನ್ನಡಿಗೆ ಕಾಣದ ಜಾಗದಲ್ಲಿ ವಾಹನ ಇದ್ದರೆ ಜೀವ ಉಳಿಯುತ್ತದೆ ಎಂಬ ಲೆಕ್ಕ. ಬಯಲಲ್ಲಿ ಪರೀಕ್ಷಕರನ್ನು ಬಿಟ್ಟು ನರಪಿಳ್ಳೆ ಇಲ್ಲದಿದ್ದರೂ ನೋಡಲೇಬೇಕು. ಇವರಿಗೆ ಗಾಡಿ ಕಲಿಸುವವರು ಅರವತ್ತು ದಾಟಿದ ಹೆಣ್ಣುಮಗಳು, ಚರ್ಮದ ಜಾಕೆಟ್ಟು, ಬೆಳ್ಳಿ ಕೂದಲ ಜಡೆ. ಒಂದು ದಿನ ನನ್ನನ್ನು ಬದಿಗೆ ಕರೆದು, “ನಿನ್ನ ಗಂಡನ ಕೈ ಚಲೋ ಇದೆ, ಆದರೆ ಹಿಂದೆ ಯಾರೋ ಕೂತಿದ್ದಾರೆ ಅಂತ ನಂಬಿಕೊಂಡೇ ಓಡಿಸುತ್ತಾನೆ” ಎಂದರು.

ಎಲಾ, ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದುಕೊಂಡೆ. ನಮ್ಮ ಕಡೆ ಗಾಡಿ ಹೊಡೆಯುವುದು ಒಬ್ಬರ ಕೆಲಸವೇ ಅಲ್ಲ. ಮುಂದಿನವರು ಮುಂದೆ ನೋಡಬೇಕು, ಹಿಂದೆ ನೋಡಲು ಹೆಂಡತಿ ಇದ್ದಾಳೆ. ಕನ್ನಡಿ ಇರುವುದು ಕ್ರಾಪು ತೀಡಿಕೊಳ್ಳಲಿಕ್ಕೆ. ಯಾದಗಿರಿ ರಸ್ತೆಯಲ್ಲಿ ನಾನು ಇವರ ಎಡಭುಜ ತಟ್ಟಿದರೆ ಹಿಂದೆ ಬಸ್ಸು ಎಂದು ಅರ್ಥ, ಬಲಭುಜ ತಟ್ಟಿದರೆ ಲಾರಿ. ಎಡಕ್ಕೆ ತಿರುಗಬೇಕಾದಾಗ ಬಳೆ ಸಮೇತ ಕೈ ಚಾಚುವವಳೂ ನಾನೇ. ಸೊಂಟ ಚಿವುಟಿದರೆ, ‘ನಿಮ್ಮ ಅಪ್ಪಾರು ಕಟ್ಟಿ ಮ್ಯಾಲ ಕುಂತಾರ, ಸೆರಗು ಸರಿ ಮಾಡ್ಕೋತೀನಿ, ಸಾವಕಾಶ ಹೋಗ್ರಿ’. ಶಹಾಪುರದ ನನ್ನ ತವರಿನಿಂದ ಗುರುಮಠಕಲ್ಲಿಗೆ ಬರುವಷ್ಟರಲ್ಲಿ ಇವರು ಒಮ್ಮೆಯೂ ಕತ್ತು ತಿರುವಿದ್ದನ್ನು ನಾನು ಕಂಡಿಲ್ಲ. ತಿರುವುವ ಅಗತ್ಯ ಏನಿತ್ತು? ಆ ಮನುಷ್ಯನನ್ನು ಒಂಟಿಯಾಗಿ ಬಯಲಿಗೆ ಬಿಟ್ಟು, ನೋಡು ಎಂದರೆ ಏನು ನೋಡಿಯಾರು?

ನಮ್ಮ ಅತ್ತೆಯ ವಾದ ಇದಕ್ಕಿಂತ ಗಟ್ಟಿ. ಯಾದಗಿರಿ ಹತ್ತಿರದ ಮೈಲಾಪುರದ ಮಲ್ಲಯ್ಯ ಅವರ ಮನೆದೇವರು. “ದೇವರ ಪಟಾ ನೋಡು. ಮಲ್ಲಯ್ಯನ ಕುದುರಿ ಮ್ಯಾಲ ಅವನ ಹೆಂಡ್ತಿನೂ ಕುಂತಾಳ. ದೇವರಿಗೇ ಒಬ್ಬಂವಗ ಹೊಡಿಲಿಕ್ಕ ಆಗಂಗಿಲ್ಲ, ನನ ಮಗಗ ಹ್ಯಾಂಗ ಆಗ್ತದ?”

ಆದರೂ ರೂಢಿಯಾಗಲಿ ಎಂದು ಕತ್ತು ತಿರುವುವ ಅಭ್ಯಾಸ ಮನೆಯಲ್ಲೇ ಶುರುವಾಯಿತು. ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳುತ್ತ, ಬೇಳೆಯ ಸಾಲಿಗೆ ತಿರುಗುವ ಮೊದಲು ಬಲಭುಜದ ಮೇಲಿಂದ ಒಮ್ಮೆ, ಎಡಭುಜದ ಮೇಲಿಂದ ಒಮ್ಮೆ. ಹಿಂದೆ ಬರುತ್ತಿದ್ದ ಮುದುಕಿ ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದು ನಕ್ಕು, ತಾನೂ ಕೈ ಬೀಸಿದಳು. ಊಟಕ್ಕೆ ಕುರ್ಚಿ ಎಳೆಯುವ ಮೊದಲು ಹೊಳ್ಳಿ ನೋಡುವುದು, ಬಚ್ಚಲಿಗೆ ಹೋಗುವ ಮೊದಲು ಹೊಳ್ಳಿ ನೋಡುವುದು. ರಾತ್ರಿ ಕತ್ತಿಗೆ ನೋವಿನ ಮುಲಾಮು. ಒಂದು ಭಾನುವಾರ ವಿಡಿಯೊ ಕಾಲಿನಲ್ಲಿ ಮಾತಾಡುತ್ತಲೇ ಚಹಾ ತರಲು ಎದ್ದವರು ಎಡಕ್ಕೂ ಬಲಕ್ಕೂ ಹಿಂದೆ ನೋಡಿದರು. ಅತ್ತೆ ಅದನ್ನು ಕಂಡುಬಿಟ್ಟರು.

“ಯವ್ವಾ, ಅಂವ ಹಿಂದ ಯಾರಿಗಿ ನೋಡ್ತಾನ?”

“ಯಾರಿಗಿ ಇಲ್ರಿ ಅತ್ತಿ, ಪರೀಕ್ಷಾಕ್ಕ.”

“ಯಾರೂ ಇಲ್ದ ನೋಡ್ಲಿಕತ್ತಾನ ಅಂದ್ರ ಇನ್ನೂ ಕೆಟ್ಟ” ಎಂದು ಎದ್ದು ಹೋದರು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ಫೋನಿಗೇ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮಾವನವರು ಕೆಮ್ಮುತ್ತ ಅಂಗಳಕ್ಕೆ ಓಡಿದ್ದು ನಮ್ಮ ಪರದೆಯ ಮೇಲೆ ಸ್ವಚ್ಛವಾಗಿ ಕಂಡಿತು. “ಪಪ್ಪಾಗ ದೃಷ್ಟಿ ಆನ್‌ಲೈನ್ ಹೋಗ್ತದೇನ ಮಮ್ಮಿ?” ಎಂದ ಮಗ.

ಹೆಲ್ಮೆಟ್ ಹಾಕಿದರೆ ಕತ್ತು ಸರಿಯಾಗಿ ತಿರುಗುವುದಿಲ್ಲ ಎಂಬುದು ಇವರ ಹೊಸ ತಕರಾರು. ಪಟಕಾ ಸುತ್ತಿದ ಸಿಖ್ಖರಿಗೆ ಇಲ್ಲಿ ಹೆಲ್ಮೆಟ್ಟಿನಿಂದ ವಿನಾಯಿತಿ ಇದೆ, 1976ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿಕೊಟ್ಟಿದೆ. ಅದನ್ನು ಮಾವನವರ ಕಿವಿಗೆ ಹಾಕಿದ್ದು ಯಾರೋ ಗೊತ್ತಿಲ್ಲ. ತಮ್ಮ ರುಮಾಲು ಮುಟ್ಟಿಕೊಂಡು, “ನಮ್ದೇನ್ ಕಡಿಮಿ ಉದ್ದ ಅದಾ? ಒಂದ ಕಳಿಸ್ಲೇನು?” ಎಂದರು.

ಮಾವನವರಿಗೆ ನಿಜವಾಗಿ ಕುಟುಕುವುದು ಬೇರೆ. ನಾವಿರುವುದು ಬರ್ಮಿಂಗ್‌ಹ್ಯಾಮಿನ ಹತ್ತಿರ, ರೆಡಿಚ್ ಎಂಬ ಊರಿಗೆ ಕಾರಿನಲ್ಲಿ ಅರ್ಧ ಗಂಟೆ. ಹಿಂದೆ ಹೊಲಿಗೆ ಸೂಜಿಗೆ ಜಗತ್ತಿನಲ್ಲೇ ಹೆಸರಾದ ಊರದು. ರಾಯಲ್ ಎನ್‌ಫೀಲ್ಡ್ ಕಾರ್ಖಾನೆ ಇದ್ದದ್ದು ಅಲ್ಲಿ, 1932ರಲ್ಲಿ ಮೊದಲ ಬುಲೆಟ್ ಹುಟ್ಟಿದ್ದು ಅಲ್ಲಿ. 1955ರಲ್ಲಿ ಮದ್ರಾಸಿನಲ್ಲೂ ತಯಾರಿ ಶುರುವಾಯಿತು. ತೌರಿನ ಕಾರ್ಖಾನೆ ಮುಚ್ಚಿಹೋಯಿತು, ಮದ್ರಾಸಿನದು ಬದುಕಿತು. ರೆಡಿಚ್ಚಿನ ಆ ಜಾಗವೀಗ ಎನ್‌ಫೀಲ್ಡ್ ಹೆಸರಿನ ಕೈಗಾರಿಕಾ ವಸಾಹತು. ಇವರು ಅಲ್ಲಿ ನಿಂತು ಅಪ್ಪನಿಗೆ ಫೋಟೊ ಕಳಿಸಿದ್ದಾರೆ: ಹಿಂದೆ ಇಟ್ಟಿಗೆ ಗೋಡೆ, ಮುಂದೆ ಇವರ ಪೆಚ್ಚು ಮುಖ. ಇವತ್ತಿನ ಬುಲೆಟ್ ತಮಿಳುನಾಡಿನಲ್ಲಿ ತಯಾರಾಗಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದು ಮಾರಾಟವಾಗುತ್ತದೆ. “ಗಾಡಿ ಅಲ್ಲಿಂದ ಇಲ್ಲಿಗಿ ಬಂದು ಹೊಳ್ಳಿ ಅಲ್ಲಿಗಿ ಹೋಯ್ತು, ನಿನಗ ಒಂದು ಬಯಲು ದಾಟ್ಲಿಕ್ಕ ಆಗವಲ್ದು” ಎಂದು ಮಾವನವರು ಬೈದ ದಿನ ಇವರು ರಾತ್ರಿ ರೊಟ್ಟಿ ತಿನ್ನಲಿಲ್ಲ. ಪುಂಡಿಪಲ್ಲೆ ಮಾತ್ರ ತಿಂದರು.

ಹೋದ ವಾರ ಮತ್ತೆ ಪರೀಕ್ಷೆ ಇತ್ತು. ಧೈರ್ಯಕ್ಕೆಂದು ನಾನೂ ಹೋಗಿ ಬೇಲಿಯ ಹೊರಗೆ ನಿಂತೆ. ಕೋನುಗಳ ನಡುವೆ ಹೊರಳಿದ್ದು ಚಂದ, ಎಂಟು ಇನ್ನೂ ಚಂದ. ಯು-ತಿರುವಿಗೆ ಬಂದರು. ಬಲಭುಜದ ಮೇಲಿಂದ ಕತ್ತು ಪೂರಾ ತಿರುಗಿತು. ಹೊಳ್ಳಿ ನೋಡಿದರು! ಅದೇ ಕ್ಷಣಕ್ಕೆ ನನ್ನ ಬದಿಯ ಓಣಿಯಿಂದ ಒಂದು ಬಿಳಿ ವ್ಯಾನು ಗೇಟಿನ ಕಡೆಗೆ ಬಂತು. ಇವರ ಕಣ್ಣು ನನ್ನ ಮೇಲೆ, ನನ್ನ ಕಣ್ಣು ವ್ಯಾನಿನ ಮೇಲೆ. “ನಿಂದರ್ರೀ!” ಎಂದು ಕೈ ಎತ್ತಿದೆ. ಇವರು ನಿಂತರು. ಎರಡೂ ಕಾಲು ನೆಲಕ್ಕೆ ಊರಿ, ಎಂಜಿನ್ ಬಂದ್ ಮಾಡಿ, ಅಚ್ಚುಕಟ್ಟಾಗಿ ನಿಂತರು. ಪರೀಕ್ಷಕರು ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿ ಏನೋ ಬರೆದುಕೊಂಡರು.

ಗೇಟು ಮುಚ್ಚಿತ್ತು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಇವರ ವಾದ. ಮುಚ್ಚಿದ ಗೇಟು ತೆರೆಯುವುದೇ ಇಲ್ಲವೆಂದು ಯಾರು ಬರೆದುಕೊಟ್ಟಿದ್ದಾರೆ? ನಾನು ಸೋಲಲಿಲ್ಲ. ಸಂಜೆ ಊರಿಗೆ ಫೋನ್ ಹಚ್ಚಿ ಇವರೇ ಎಲ್ಲವನ್ನೂ ದೂರಿನ ದನಿಯಲ್ಲಿ ವರದಿ ಮಾಡಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ವ್ಯಾನ್ ಜೋರ ಬಂದಿತ್ತೇನವಾ?” ಎಂದು ಅತ್ತೆ ನನ್ನನ್ನು ಕೇಳಿದರು.

“ಭಾಳ ಜೋರ ಇತ್ರಿ ಅತ್ತಿ.”

“ಮತ್ತ!”

ಮಾವನವರು ಫೋನ್ ಇಸಿದುಕೊಂಡರು. “ಅಲ್ಲೋ ತಮ್ಮಾ, ಅಕಿ ಹೇಳಿದಳು, ನೀ ನಿಂತಿ. ಇದರಾಗ ತಪ್ಪೇನದ? ಫೇಲ್ ಮಾಡಬೇಕಾದ್ದು ಆ ವ್ಯಾನಿನವಗ!”